ಶ್ರುತಿ ಕೊಡುವ ಕುರ್ಚಿ

ಫೆಬ್ರವರಿ ೪, ಮಂಗಳವಾರ

ಇಂದಿನ ತಾಲೀಮಿನಲ್ಲಿ ನನ್ನ ನಿರ್ಣಯ ಗೆದ್ದಿತು. ಬಸ್ ಡಿಪೋದ ವಾದ್ಯವೃಂದದಲ್ಲಿ ಇನ್ನು ಮೊದಲ ಕುರ್ಚಿ ಯಾರ ಸ್ವತ್ತೂ ಅಲ್ಲ. ಸರದಿಯ ಮೇಲೆ ಎಲ್ಲರಿಗೂ ಬರುತ್ತದೆ.

ಮೊದಲ ಕುರ್ಚಿ ಎಂದರೆ ಮೊದಲ ಕ್ಲಾರಿನೆಟ್ಟಿನ ಕುರ್ಚಿ. ಅಲ್ಲಿ ಕೂತವರು ಎದ್ದು ಒಂದು ಸ್ವರ ಊದುತ್ತಾರೆ. ಉಳಿದವರೆಲ್ಲ ತಮ್ಮ ವಾದ್ಯಗಳನ್ನು ಅದಕ್ಕೆ ಶ್ರುತಿ ಮಾಡಿಕೊಳ್ಳುತ್ತಾರೆ. ಆಮೇಲೆ ಕಾರ್ಯಕ್ರಮದ ನಡುವೆ ಒಂಟಿಯಾಗಿ ನುಡಿಸುವ ಭಾಗವೂ ಅವರದೇ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅದರಲ್ಲಿ ಬ್ರೇಕ್ ಮಾವ ಕೂತಿದ್ದಾರೆ. ಅವರು ಬ್ರೇಕ್ ವಿಭಾಗದ ಮೆಕ್ಯಾನಿಕ್. ಯಾರ ಮಾವನೂ ಅಲ್ಲ, ಆದರೂ ಮಾವ. ನನ್ನ ಭಾಷಣದಲ್ಲಿ ನಾನು ವ್ಯಕ್ತಿಯನ್ನು ಟೀಕಿಸಲಿಲ್ಲ, ವ್ಯವಸ್ಥೆಯನ್ನು ಟೀಕಿಸಿದೆ. ಒಬ್ಬನ ಉಸಿರಿಗೆ ಉಳಿದವರೆಲ್ಲ ತಲೆಬಾಗಿದರೆ ಅದು ಸಂಗೀತವಲ್ಲ, ಹಾಜರಿ ಎಂದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ವಾದ್ಯಗಳು ಕೈಯಲ್ಲಿದ್ದವು.

ಮತಕ್ಕೆ ಹಾಕಿದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದವರು ಮಾವ. ವಾಕ್ಯ ಮುಗಿಯುವ ಮುಂಚೆಯೇ ಎತ್ತಿದರು. ಅನುಕೂಲ ಉಂಡವರಿಗೆ ಒಳಗೊಳಗೇ ತಪ್ಪಿತಸ್ಥ ಭಾವನೆ ಇರುತ್ತದೆ ಎಂದು ಓದಿದ್ದೆ. ಕಣ್ಣಾರೆ ಕಂಡೆ.

ಸರದಿ ಎಂದರೆ ಮುಂದಿನದು ಎರಡನೆಯ ಕ್ಲಾರಿನೆಟ್. ಅದು ನಾನು. ಇದನ್ನು ನಾನು ಮೊದಲೇ ಯೋಚಿಸಿರಲಿಲ್ಲ. ನಿಸ್ವಾರ್ಥದ ಲಕ್ಷಣವೇ ಅದು. ಅಕಾರ್ಡಿಯನ್ ನುಡಿಸುವ ಕ್ಯಾಂಟೀನ್ ಅಕ್ಕ ಮಾತ್ರ, "ಬೆಕ್ಕಿಗೆ ಗಂಟೆ ಕಟ್ಟಿ ಅಂದವಳ ಕೈಗೇ ಗಂಟೆ ಬಂತು" ಎಂದಳು. ಅವಳು ಕ್ಯಾಂಟೀನಿನ ಮೇಲ್ವಿಚಾರಕಿ. ಎರಡನೆಯ ಲೋಟ ಚಹಾ ಕೇಳಿದರೆ ಆಡಳಿತ ಮಂಡಳಿಯ ಕಣ್ಣಿನಿಂದ ನೋಡುತ್ತಾಳೆ.

ಮಾರ್ಚ್ ೨೨ಕ್ಕೆ ಪುರಭವನದಲ್ಲಿ ಕಾರ್ಯಕ್ರಮ. ನಾವು ತಾಲೀಮು ಮಾಡುವ ಹಳೆಯ ಟೈರ್ ಕೋಣೆಯನ್ನು ಆಡಳಿತದವರು ಉಗ್ರಾಣ ಮಾಡಬೇಕೆಂದಿದ್ದಾರೆ. ಅವರ ಸಮಿತಿ ಬಂದು ಕೇಳುತ್ತದೆ. ಮೆಚ್ಚಿದರೆ ಕೋಣೆ ನಮಗೆ, ಇಲ್ಲದಿದ್ದರೆ ಟೈರುಗಳಿಗೆ. ಕೋಣೆ ನಮ್ಮ ಹಕ್ಕು, ಬಹುಮಾನವಲ್ಲ ಎಂದು ನಾನು ಹೇಳಿದೆ. ನಮ್ಮ ವೃಂದವನ್ನು ನಡೆಸುವವರು ಬಸ್ಸುಗಳ ವೇಳಾಪಟ್ಟಿ ಬರೆಯುವ ಗುಮಾಸ್ತರು. ಅವರನ್ನು ವೇಳಾಪಟ್ಟಿ ಎಂದೇ ಕರೆಯುತ್ತೇವೆ. "ಹಕ್ಕು ನಮ್ಮದೇ ಕಣಮ್ಮ, ಬೀಗದ ಕೈ ಅವರದು" ಎಂದರು.

ಫೆಬ್ರವರಿ ೭, ಶುಕ್ರವಾರ

ಕುರ್ಚಿಯಲ್ಲಿ ಕೂತೆ. ಬೇರೆ ಕುರ್ಚಿಗಳಷ್ಟೇ ಗಟ್ಟಿ.

ಮಾವ ಪಕ್ಕದಲ್ಲಿ, ನನ್ನ ಹಳೆಯ ಜಾಗದಲ್ಲಿ. ತಾಲೀಮಿಗೆ ಮೊದಲು ಮೆಲ್ಲಗೆ ಹೇಳಿದರು. "ಒಂಟಿ ಭಾಗದ ಬಗ್ಗೆ ತಲೆ ಕೆಡಿಸ್ಕೋಬೇಡ. ಅದು ನಡೆಯುತ್ತೆ. ಶ್ರುತಿ ಕೊಡೋದು ನೋಡ್ಕೋ."

"ಅದರಲ್ಲೇನಿದೆ ಮಾವ, ಒಂದೇ ಸ್ವರ."

"ಅದೇ. ಒಂದೇ."

ಮಾವನದೊಂದು ಪದ್ಧತಿಯನ್ನು ಮೊದಲಿಂದಲೂ ಗಮನಿಸಿದ್ದೇನೆ. ಎದ್ದು ನಿಲ್ಲುವ ಮುಂಚೆ ಅಕ್ಕನ ಕಡೆ ಬಾಗುತ್ತಾರೆ. ಅವಳು ಅಕಾರ್ಡಿಯನ್ನಿನ ತಿದಿ ಎಳೆದು ಒಂದು ಮನೆ, ಅಂದರೆ ಕೀಲಿ, ಒತ್ತಿ, ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಒಂದು ಸ್ವರ ಕೊಡುತ್ತಾಳೆ. ಮಾವ ಅದನ್ನು ಕಿವಿಯಲ್ಲಿ ಇಟ್ಟುಕೊಂಡು ಎದ್ದು, ತಮ್ಮದೇ ಎಂಬಂತೆ ಎಲ್ಲರಿಗೂ ಹಂಚುತ್ತಾರೆ. ಇದಕ್ಕೆ ಅವರ ಕಾರಣ, ಅಕಾರ್ಡಿಯನ್ನಿನ ಶ್ರುತಿ ಕಾರ್ಖಾನೆಯಲ್ಲೇ ಕೂತದ್ದು, ಅದನ್ನು ಏರಿಸಲು ಇಳಿಸಲು ಬರುವುದಿಲ್ಲ, ಆದ್ದರಿಂದ ಉಳಿದವರೇ ಅದಕ್ಕೆ ಸೇರಬೇಕು ಎಂದು. ಅಂದರೆ ಅತ್ಯಂತ ಹಠಮಾರಿ ಯಾರೋ ಅವರ ಮಾತೇ ನಡೆಯಬೇಕು. ಇಂಥ ಗುಟ್ಟಿನ ಒಪ್ಪಂದಗಳ ಮೇಲೆಯೇ ಜಗತ್ತು ನಿಂತಿದೆ.

ಇನ್ನೊಂದು ವಿಷಯ ಬರೆದಿಡಬೇಕು. ಕಾರ್ಯಕ್ರಮದ ದಿನಗಳಲ್ಲಿ ಕ್ಯಾಂಟೀನಿನಲ್ಲಿ ಮಾವನಿಗೆ ಬೇರೆ ತಟ್ಟೆ ಎತ್ತಿಟ್ಟಿರುತ್ತಾರೆ, ಮುಚ್ಚಳ ಹಾಕಿ. ನಾವೆಲ್ಲ ಸಾಲಿನಲ್ಲಿ ನಿಂತು ಉಣ್ಣುತ್ತೇವೆ.

ಫೆಬ್ರವರಿ ೧೧, ಮಂಗಳವಾರ

ಶ್ರುತಿಯನ್ನೂ ಪ್ರಜಾಸತ್ತಾತ್ಮಕಗೊಳಿಸುವ ಪ್ರಯೋಗ ಮಾಡಿದೆವು. ಯಾರೂ ಸ್ವರ ಕೊಡುವುದಿಲ್ಲ. ಪ್ರತಿಯೊಬ್ಬರೂ ಎಡಗಡೆಯವರನ್ನು ಕೇಳಿ ಸೇರಿಸಿಕೊಳ್ಳಬೇಕು. ಒಂದು ಸುತ್ತು ಮುಗಿಯುವ ಹೊತ್ತಿಗೆ ನಾವೆಲ್ಲ ಎಲ್ಲಿಗೋ ಹೋಗಿದ್ದೆವು. ಎಲ್ಲಿಗೆ ಎಂದು ಯಾರಿಗೂ ಗೊತ್ತಾಗಲಿಲ್ಲ. ದೊಡ್ಡ ಕಹಳೆ ಊದುವ ದೊಡ್ಡಣ್ಣ, ಟೈರ್ ವಿಭಾಗದವನು, "ಇದು ಯಾವ ನಿಲ್ದಾಣ?" ಎಂದು ಕೇಳಿದ. ಜನ ನಕ್ಕರು. ಜನರಿಗೆ ತರಬೇತಿ ಸಾಲದು.

ಪ್ರಯೋಗವನ್ನು ಮುಂದೂಡಿದ್ದೇವೆ.

ಫೆಬ್ರವರಿ ೧೪, ಶುಕ್ರವಾರ

ವೇಳಾಪಟ್ಟಿಯವರು ತಾವೇ ರಚಿಸಿದ ನಿಧಾನಗತಿಯ ತುಣುಕೊಂದನ್ನು ಹಂಚಿದರು. ಹೆಸರು 'ಕೊನೆಯ ಬಸ್ಸು'. ನಡುವೆ ಕ್ಲಾರಿನೆಟ್ ಒಂಟಿಯಾಗಿ ಹೊರಡುತ್ತದೆ. ಕೆಳಗಿನ ಸ್ವರದಿಂದ ಒಂದೇ ನೆಗೆತಕ್ಕೆ ಮೇಲಿನ ಸ್ವರ ಹಿಡಿದು ಅಲ್ಲೇ ನಿಲ್ಲಬೇಕು. ಮನೆಯಲ್ಲಿ ನುಡಿಸಿ ನೋಡಿದೆ. ಸುಲಭ. ಅಮ್ಮ ಇಸ್ತ್ರಿ ಮಾಡುತ್ತಿದ್ದವಳು, "ಚೆನ್ನಾಗಿದೆ, ಕಿಟಕಿ ಮುಚ್ಕೋ" ಎಂದಳು.

ವೇದಿಕೆಯಲ್ಲಿ ಹೆದರಿಕೆ ಆಗುವುದಿಲ್ಲವೇ ಎಂದು ದೊಡ್ಡಣ್ಣ ಕೇಳಿದ. ಅವನಿಗೆ 'ಹೆದರಿಕೆ: ಒಂದು ಹುನ್ನಾರ' ಎಂಬ ಕಿರುಹೊತ್ತಿಗೆಯ ಸಾರಾಂಶ ಹೇಳಿದೆ. ಕೇಳುಗರನ್ನು ನ್ಯಾಯಾಧೀಶರೆಂದೂ ತನ್ನನ್ನು ಆರೋಪಿಯೆಂದೂ ಭಾವಿಸುವವನಿಗೆ ಮಾತ್ರ ಕೈ ನಡುಗುತ್ತದೆ. ಸಮಾನರಿಗಾಗಿ ನುಡಿಸುವವನಿಗೆ ನಡುಗಲು ಕಾರಣವೇ ಇಲ್ಲ. ನನ್ನ ಬಳಿ ಇರುವುದು ಎರಡನೆಯ ಭಾಗ ಮಾತ್ರ. ನಾನು ಡಿಪೋದ ಕಳೆದ ವಸ್ತುಗಳ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಜನ ಬಸ್ಸಿನಲ್ಲಿ ಕೊಡೆ ಮರೆತರೆ ಹುಡುಕಿಕೊಂಡು ಬರುತ್ತಾರೆ, ಕಿರುಹೊತ್ತಿಗೆ ಮರೆತರೆ ಬರುವುದಿಲ್ಲ. ನನ್ನ ವಿದ್ಯಾಭ್ಯಾಸವೆಲ್ಲ ಹೀಗೆ ಪರರ ಮರೆವಿನಿಂದ ಆದದ್ದು.

ಫೆಬ್ರವರಿ ೧೮, ಮಂಗಳವಾರ

ಇಂದು ತಾಲೀಮು ಕೇಳಲು ಪಾಳಿ ಮುಗಿಸಿದ ಕೆಲವು ಚಾಲಕರು ಬಾಗಿಲಲ್ಲಿ ನಿಂತಿದ್ದರು. ನೆಗೆತದ ಜಾಗದಲ್ಲಿ ನನ್ನ ಕ್ಲಾರಿನೆಟ್ ಬಾತುಕೋಳಿಯ ಸದ್ದು ಮಾಡಿತು. ರೀಡು ಹಳೆಯದು. ಊದುವ ತುದಿಗೆ ಕಟ್ಟುವ ಬಿದಿರಿನಂಥ ಆ ಚಿಕ್ಕ ಸೀಳು ಒದ್ದೆಯಾದರೂ ಕೆಡುತ್ತದೆ, ಒಣಗಿದರೂ ಕೆಡುತ್ತದೆ. ಅದು ರೀಡಿನ ದೋಷ.

ಮನೆಯಲ್ಲಿ ಹೇಳಿದೆ. ಅಮ್ಮ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದಳು. ಗಾದೆಗಳೆಲ್ಲ ದುಡಿಯುವವರ ಆತ್ಮವಿಶ್ವಾಸ ಕುಗ್ಗಿಸಲು ಹುಟ್ಟಿದವು. ಇದನ್ನು ಅವಳಿಗೆ ವಿವರಿಸಿದೆ. "ಆಯ್ತು, ಆ ಅಂಗಿ ಈ ಕಡೆ ಕೊಡು" ಎಂದಳು.

ಫೆಬ್ರವರಿ ೨೧, ಶುಕ್ರವಾರ

ಹೊಸ ರೀಡು. ಅದೇ ಬಾತುಕೋಳಿ.

ಫೆಬ್ರವರಿ ೨೩, ಭಾನುವಾರ

ಸಿದ್ಧಾಂತ ತಪ್ಪಲ್ಲ, ಅನ್ವಯ ತಪ್ಪಿರಬಹುದು. ಕೇಳುಗರ ಎದುರು ಅಭ್ಯಾಸ ಸಾಲದು ಅಷ್ಟೆ. ಭಾನುವಾರ ವಿಭಾಗಕ್ಕೆ ಯಾರೂ ಬರುವುದಿಲ್ಲ. ವಾರಸುದಾರರಿಲ್ಲದ ಕೊಡೆಗಳನ್ನು ಕಪಾಟಿನಿಂದ ತೆಗೆದು ಬೆಂಚುಗಳ ಮೇಲೆ ಸಾಲಾಗಿ ನಿಲ್ಲಿಸಿದೆ. ಹಿಂದಿನ ಸಾಲಿನಲ್ಲಿ ಹೆಲ್ಮೆಟ್ಟುಗಳು. ಮುಂದೆ, ಸಮಿತಿಯ ಜಾಗದಲ್ಲಿ, ಮೂರು ಸೂಟ್‌ಕೇಸು. ಎದುರು ನಿಂತು 'ಕೊನೆಯ ಬಸ್ಸು' ಪೂರ್ತಿ ನುಡಿಸಿದೆ. ಒಂದು ತಪ್ಪೂ ಇಲ್ಲ. ಎರಡನೆಯ ಸಲ ನುಡಿಸುವಾಗ ಒಬ್ಬ ಹೆಂಗಸು ಬಂದು ಬಾಗಿಲಲ್ಲಿ ನಿಂತಳು. ತನ್ನ ಕೊಡೆ ಹುಡುಕಿಕೊಂಡು ಬಂದವಳು. ನೆಗೆತ ಕೆಟ್ಟಿತು.

"ಆ ಎರಡನೇ ಸಾಲಿನ ನೀಲಿದು ನಂದು" ಎಂದಳು. ತೆಗೆದುಕೊಂಡು ಹೋದಳು. ಹೋಗುವಾಗ ತಿರುಗಿ, "ನೀವು ಮುಂದುವರಿಸಿ" ಎಂದಳು.

ಫೆಬ್ರವರಿ ೨೬, ಬುಧವಾರ

ಒಂದು ವಿಚಿತ್ರ ಗಮನಕ್ಕೆ ಬಂದಿದೆ. ಆ ನೆಗೆತದಲ್ಲಿ ಯಾವ ಬೆರಳು ಏಳುತ್ತದೆ ಎಂದು ಇದುವರೆಗೆ ನನಗೆ ಗೊತ್ತಿರಲಿಲ್ಲ, ಬೆರಳಿಗೆ ಗೊತ್ತಿತ್ತು. ಈಗ ನನಗೆ ಗೊತ್ತಾಗಿದೆ, ಬೆರಳಿಗೆ ಮರೆತಿದೆ. ಮೆಟ್ಟಿಲು ಇಳಿಯುವಾಗ ಈಗ ಎಡಗಾಲೋ ಬಲಗಾಲೋ ಎಂದು ಯೋಚಿಸಿದರೆ ಉರುಳುವ ಹಾಗೆ.

ಅರಿವು ಬಿಡುಗಡೆ ತರುತ್ತದೆ ಎಂದು ಎಲ್ಲ ಕಿರುಹೊತ್ತಿಗೆಗಳೂ ಹೇಳುತ್ತವೆ. ಬೆರಳುಗಳ ವಿಚಾರ ಯಾವುದರಲ್ಲೂ ಇಲ್ಲ.

ಮಾರ್ಚ್ ೪, ಮಂಗಳವಾರ

ಉಸಿರು ಸಾಲಲಿಲ್ಲ. ಬಾಯಿ ಒಣಗಿತ್ತು. ತಾಲೀಮಷ್ಟೇ, ನಮ್ಮವರೇ.

ಮಾರ್ಚ್ ೬, ಗುರುವಾರ

ಊಟದ ವೇಳೆಯಲ್ಲಿ ಮಾವನನ್ನು ಹುಡುಕಿಕೊಂಡು ಬ್ರೇಕ್ ವಿಭಾಗಕ್ಕೆ ಹೋದೆ. ಬಸ್ಸಿನ ಕೆಳಗೆ, ಗುಂಡಿಯಲ್ಲಿದ್ದರು. ನಾನು ಮೇಲೆ ಕುಕ್ಕರುಗಾಲಲ್ಲಿ ಕೂತೆ. ಅವರ ಮುಖ ಕಾಣುತ್ತಿರಲಿಲ್ಲ, ಚಕ್ರದ ಪಕ್ಕ ಕೈ ಮಾತ್ರ ಕಾಣುತ್ತಿತ್ತು.

ತಾತ್ವಿಕವಾಗಿ ಕೇಳುತ್ತಿದ್ದೇನೆ ಎಂದು ಮೊದಲೇ ಸ್ಪಷ್ಟಪಡಿಸಿದೆ. "ಮಾವ, ನಿಮಗೆ ಯಾವತ್ತಾದರೂ ವೇದಿಕೆ ಮೇಲೆ ಹೆದರಿಕೆ ಆಗಿದೆಯಾ?"

"ಯಾವತ್ತಾದರೂ ಅಂದ್ರೆ?"

"ಒಂದು ಸಲವಾದರೂ."

ಕೈ ನಿಂತಿತು. "ಆಗದೆ ಇದ್ದದ್ದು ಯಾವಾಗ ಅಂತ ಯೋಚನೆ ಮಾಡ್ತಿದ್ದೀನಿ" ಎಂದರು. ನೆನಪಾಗಲಿಲ್ಲ. ಸ್ಪ್ಯಾನರ್ ಮತ್ತೆ ತಿರುಗಿತು.

ಕಾರ್ಯಕ್ರಮದ ಹಿಂದಿನ ದಿನದಿಂದ ಅವರಿಗೆ ಅನ್ನ ಇಳಿಯುವುದಿಲ್ಲವಂತೆ. ಬೆಳಗಿನಿಂದ ಕೈ ತಣ್ಣಗಾಗಿ, ಹೋಗುವ ಮುಂಚೆ ಬಸ್ಸಿನ ಬಿಸಿ ರೇಡಿಯೇಟರ್ ಮೇಲೆ ಇಟ್ಟು ಕಾಯಿಸಿಕೊಳ್ಳುತ್ತಾರಂತೆ. ಮುಗಿದ ಮೇಲೆ ಹಸಿವೆಂದರೆ ಹಸಿವು.

"ಮತ್ತೆ ಇಷ್ಟು ವರ್ಷ ಯಾಕೆ ಕೂತ್ರಿ ಅಲ್ಲಿ?"

"ಯಾರೂ ಏಳು ಅನ್ನಲಿಲ್ಲವಲ್ಲ. ನೀನು ಅಂದೆ, ಎದ್ದೆ."

ಆ ತಟ್ಟೆ ಯಾತಕ್ಕೆಂದು ಆಗ ತಿಳಿಯಿತು. ನಾನು ಕ್ಯಾಂಟೀನಿಗೆ ಹೋದೆ. ಎರಡನೆಯ ಲೋಟ ಕೇಳಲಿಲ್ಲ. ಅಕ್ಕ ತಾನಾಗಿ ಕೊಟ್ಟಳು. "ಮುಖ ಬಿಳಿಚಿಕೊಂಡಿದೆ. ಇದನ್ನ ಲೆಕ್ಕಕ್ಕೆ ಹಿಡಿಯಲ್ಲ, ನಿನ್ನ ಭಾಷಣದಲ್ಲೂ ಎತ್ತಬೇಡ" ಎಂದಳು.

ಮಾರ್ಚ್ ೧೩, ಗುರುವಾರ

ಒಂದು ವಾರದಿಂದ ಊಟದ ವೇಳೆಯಲ್ಲಿ ಮಾವನ ಬಳಿ ಅಭ್ಯಾಸ. ಅವರ ವಿಧಾನಕ್ಕೆ ಯಾವ ಸೈದ್ಧಾಂತಿಕ ತಳಹದಿಯೂ ಇಲ್ಲ. ಮೊದಲು ಡಿಪೋದ ಅಂಗಳದ ಸುತ್ತ ಓಡಿಸುತ್ತಾರೆ. ಏದುಸಿರು ಬಿಡುತ್ತಿರುವಾಗಲೇ, ಎದೆ ಇನ್ನೂ ಢವಗುಟ್ಟುತ್ತಿರುವಾಗಲೇ, ನುಡಿಸು ಅನ್ನುತ್ತಾರೆ. ಎದೆ ಹೊಡೆದುಕೊಳ್ಳುವುದಕ್ಕೂ ಬೆರಳಿಗೂ ಸಂಬಂಧವಿಲ್ಲ ಎಂದು ಬೆರಳಿಗೆ ಗೊತ್ತಾಗಬೇಕಂತೆ. ನಾನು ನುಡಿಸುವಾಗ ಹಿಂದಿನಿಂದ ಸ್ಪ್ಯಾನರ್ ಬೀಳಿಸುತ್ತಾರೆ. ಊಟ ಮಾಡುತ್ತಿರುವ ಮೆಕ್ಯಾನಿಕ್‌ಗಳ ನಡುವೆ ನಿಲ್ಲಿಸುತ್ತಾರೆ. ಅವರು ಅಗಿಯುತ್ತಾ ನೋಡುತ್ತಾರೆ. ಮೊದಲ ದಿನ ಬಾತುಕೋಳಿ ಕೂಗಿದಾಗ ಒಬ್ಬ, "ಬೆಲ್ಟ್ ಜಾರಿದೆ, ಬಿಗಿ ಮಾಡು" ಎಂದ. ಇವತ್ತು ಯಾರೂ ಏನೂ ಅನ್ನಲಿಲ್ಲ. ಒಬ್ಬ ಉಪ್ಪು ಕೇಳಿದ, ಪಕ್ಕದವನನ್ನು.

ಬೆರಳಿನ ಬಗ್ಗೆ ಯೋಚಿಸದೆ ಇರಲು ಏನು ಮಾಡಬೇಕು ಎಂದು ಕೇಳಿದೆ.

"ಯೋಚಿಸಬೇಡ ಅಂದ್ರೆ ಆಗಲ್ಲ. ಬೇರೆ ಏನಾದ್ರೂ ಯೋಚಿಸು. ನಾನು ಆ ಮೇಲಿನ ಸ್ವರ ಯಾರಿಗೆ ಹೋಗಿ ಮುಟ್ಟಬೇಕು ಅಂತ ಒಬ್ಬರನ್ನ ಗುರುತು ಇಟ್ಕೋತೀನಿ."

"ಯಾರನ್ನ?"

"ಯಾರೋ ಒಬ್ಬರು. ನಿದ್ದೆ ಬಂದಿರೋರು ಆದ್ರೆ ಒಳ್ಳೇದು."

ಜನಸಮೂಹಕ್ಕಾಗಿ ನುಡಿಸಬೇಕು ಎಂಬುದು ನನ್ನ ನಿಲುವು. ಒಬ್ಬರಿಗಾಗಿ ನುಡಿಸುವುದು ಸಂಕುಚಿತ. ಪರೀಕ್ಷಿಸಲು ಮಾತ್ರ ಮಾಡಿ ನೋಡಿದೆ. ಉಪ್ಪು ಕೇಳಿದವನನ್ನು ಆರಿಸಿಕೊಂಡೆ. ನೆಗೆತ ಸಿಕ್ಕಿತು.

ಮಾರ್ಚ್ ೧೯, ಬುಧವಾರ

ಸೀಟಿನ ಸಂದಿಯಲ್ಲಿ ಸಿಕ್ಕಿದ್ದೆಂದು ಬಸ್ಸು ಗುಡಿಸುವವರು 'ಹೆದರಿಕೆ: ಒಂದು ಹುನ್ನಾರ' ತಂದುಕೊಟ್ಟರು. ಮೊದಲ ಭಾಗ. ಎರಡು ವರ್ಷದಿಂದ ಕಾಯುತ್ತಿದ್ದೆ. ಬಾಗಿಲು ಹಾಕಿಕೊಂಡು ಓದಿದೆ. ಹದಿನೈದು ಪುಟ ನರಗಳ ವರ್ಣನೆ. ಕೊನೆಯ ಪುಟದಲ್ಲಿ ಒಂದು ಟಾನಿಕ್ಕಿನ ಚಿತ್ರ, ದಿನಕ್ಕೆ ಎರಡು ಚಮಚ, ಬಾಟಲಿ ಅಲುಗಾಡಿಸಿ ಕುಡಿಯಬೇಕು.

ಎರಡನೆಯ ಭಾಗವನ್ನೂ ಮತ್ತೆ ತಿರುವಿದೆ. ಅದರ ಹಿಂದಿನ ರಟ್ಟು ಹರಿದುಹೋಗಿದೆ, ಬಾಟಲಿಯ ಚಿತ್ರ ಅಲ್ಲೇ ಇದ್ದಿರಬೇಕು.

ಎರಡನ್ನೂ ವಾರಸುದಾರರಿಲ್ಲದ ವಸ್ತುಗಳ ಕಪಾಟಿನಲ್ಲಿ ಇಟ್ಟೆ. ನಿಯಮ ಅದು.

ಮಾರ್ಚ್ ೨೧, ಶುಕ್ರವಾರ

ಊಟ ಇಳಿಯಲಿಲ್ಲ.

ಮಾರ್ಚ್ ೨೨, ಶನಿವಾರ

ಬೆಳಿಗ್ಗೆ. ಹೆದರಿಕೆ ಇದೆ. ಅಂಗಿ ಇಸ್ತ್ರಿ ಆಗಿದೆ.

ಮಾರ್ಚ್ ೨೩, ಭಾನುವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಪುರಭವನದ ಹಿಂಬಾಗಿಲಲ್ಲಿ ಮಾವ ಒಂದು ಬಸ್ಸು ತಂದು ನಿಲ್ಲಿಸಿ, ಇಂಜಿನ್ ಮುಚ್ಚಳ ತೆಗೆದು, "ಬಾ" ಎಂದರು. ಇಬ್ಬರೂ ರೇಡಿಯೇಟರ್ ಮೇಲೆ ಕೈ ಕಾಯಿಸಿಕೊಂಡೆವು. "ನಿಮಗ್ಯಾಕೆ ಇವತ್ತು?" ಎಂದೆ. "ಅಭ್ಯಾಸ" ಎಂದರು. ಆದರೆ ಅವರ ಜೇಬಿನಲ್ಲಿ ಅರ್ಧ ತಿಂದ ಬ್ರೆಡ್ಡಿತ್ತು. ಕಾರ್ಯಕ್ರಮಕ್ಕೆ ಮೊದಲು ಅವರು ತಿಂದದ್ದನ್ನು ಯಾರೂ ಕಂಡಿರಲಿಲ್ಲ.

ವೇದಿಕೆ ನಾನು ಎಣಿಸಿದ್ದಕ್ಕಿಂತ ಎತ್ತರ. ಸಮಿತಿಯವರು ಮುಂದಿನ ಸಾಲಿನಲ್ಲಿ, ಮೂವರು. ಸೂಟ್‌ಕೇಸುಗಳ ಹಾಗೇ ಇದ್ದರು. ಅಮ್ಮ ಅವರ ಹಿಂದೆ. ನಾನು ಮಾವನ ಪದ್ಧತಿಯಂತೆ ಅಕ್ಕನ ಕಡೆ ಬಾಗಿದೆ. ಗುಟ್ಟಿನ ಒಪ್ಪಂದದ ವಿಷಯ ಆಗ ನೆನಪಿಗೆ ಬರಲಿಲ್ಲ. ಅವಳು ಸ್ವರ ಕೊಟ್ಟಳು. ನನ್ನ ಕಿವಿಯಲ್ಲಿ ನನ್ನ ಎದೆಯೇ ಬಡಿಯುತ್ತಿತ್ತು, ಬೇರೇನೂ ಕೇಳಲಿಲ್ಲ. ಇನ್ನೊಮ್ಮೆ ಕೊಡಿ ಎನ್ನಬೇಕಿತ್ತು. ಕೇಳಿಸಿತು ಎಂದು ತಲೆಯಾಡಿಸಿದೆ. ಎದ್ದು ನಿಂತು ಊದಿದೆ.

ಹೆದರಿದವರು ತುಟಿ ಕಚ್ಚುತ್ತಾರೆ. ತುಟಿ ಬಿಗಿಯಾದರೆ ಕ್ಲಾರಿನೆಟ್ಟಿನ ಸ್ವರ ಮೇಲಕ್ಕೆ ಸರಿಯುತ್ತದೆ. ಇದು ನನಗೆ ಪಾಠದಲ್ಲಿ ಗೊತ್ತಿದ್ದ ವಿಷಯ. ಪಿಟೀಲಿನವರು ನನ್ನನ್ನೊಮ್ಮೆ ನೋಡಿ ಬಿರಡೆ ತಿರುಗಿಸಿದರು. ಕೊಳಲಿನವರು ಸರಿಪಡಿಸಿಕೊಂಡರು. ದೊಡ್ಡಣ್ಣ ಕಹಳೆಯ ಕೊಳವೆಯನ್ನು ಒಳಕ್ಕೆ ತಳ್ಳಿದ. ಎಲ್ಲರೂ ಬಂದು ಸೇರಿದರು. ನನಗೆ ಹೆಮ್ಮೆಯಾಯಿತು.

ಮೊದಲ ಎರಡು ತುಣುಕು ಚೆನ್ನಾಗಿ ಹೋದವು. 'ಕೊನೆಯ ಬಸ್ಸು' ಬಂತು. ನನ್ನ ಭಾಗ ಬಂತು. ನೆಗೆತಕ್ಕೆ ಮುಂಚೆ ಯಾರಾದರೊಬ್ಬರನ್ನು ಗುರುತು ಹಿಡಿಯಬೇಕಲ್ಲ, ಅಮ್ಮನನ್ನು ನೋಡಿದೆ. ಅಮ್ಮ ಕೈಚೀಲವನ್ನು ಮಡಿಲಲ್ಲಿ ತಬ್ಬಿಕೊಂಡು ಗಾಢ ನಿದ್ದೆಯಲ್ಲಿದ್ದಳು. ವಾರವಿಡೀ ನಿಂತು ಇಸ್ತ್ರಿ ಮಾಡಿದವಳು. ಸ್ವರ ನೆಗೆಯಿತು, ಹೋಗಿ ಅವಳ ಹತ್ತಿರ ನಿಂತಿತು. ಅವಳು ಏಳಲಿಲ್ಲ. ನನ್ನ ಹೆದರಿಕೆ ಪೂರ್ತಿ ಹೋಯಿತು. ತುಟಿ ಸಡಿಲವಾಯಿತು, ಭುಜ ಇಳಿಯಿತು, ಇಡೀ ತಿಂಗಳಲ್ಲಿ ಮೊದಲ ಸಲ ಸಲೀಸಾಗಿ ಉಸಿರಾಡಿದೆ.

ಆ ಕ್ಷಣದಿಂದ ನಾನು ಅಪಶ್ರುತಿ.

ಉಳಿದವರೆಲ್ಲ ತಪ್ಪುತ್ತಿದ್ದಾರೆ ಎಂದು ಮೊದಲು ಅನ್ನಿಸಿತು. ಆಮೇಲೆ ಅರ್ಥವಾಯಿತು. ಅವರು ನಾನು ಕೊಟ್ಟ ಜಾಗದಲ್ಲೇ ನಿಂತಿದ್ದರು. ನಾನು ಹೆದರಿಕೆಯಲ್ಲಿ ಅವರನ್ನೆಲ್ಲ ಅಟ್ಟಕ್ಕೆ ಹತ್ತಿಸಿ, ಧೈರ್ಯ ಬಂದ ತಕ್ಷಣ ಒಬ್ಬಳೇ ಇಳಿದುಬಂದಿದ್ದೆ. ಅವರನ್ನು ಇಳಿಸುವಂತಿರಲಿಲ್ಲ. ನಾನೇ ಮತ್ತೆ ಹತ್ತಬೇಕಿತ್ತು. ನುಡಿಸುತ್ತಲೇ ಸಮಿತಿಯವರ ಕಡೆ ನೋಡಿದೆ. ನಡುವಿನವರು ಏನೋ ಬರೆದುಕೊಳ್ಳುತ್ತಿದ್ದರು. ಹೆದರಿಕೆ ಬಂತು. ಶ್ರುತಿ ಸೇರಿತು. ಕೊನೆಯವರೆಗೂ ಅವರನ್ನೇ ನೋಡುತ್ತಾ, ಅದೇ ಪ್ರಮಾಣದಲ್ಲಿ ಹೆದರಿಕೊಂಡು ನುಡಿಸಿದೆ. ಹೆಚ್ಚಾಗದಂತೆ, ಕಡಿಮೆಯಾಗದಂತೆ. ಇಷ್ಟು ಕಷ್ಟದ ಕೆಲಸ ನಾನು ಬೇರೆ ಮಾಡಿಲ್ಲ.

ಚಪ್ಪಾಳೆಗೆ ಅಮ್ಮ ಎದ್ದಳು. ಎಲ್ಲರಿಗಿಂತ ಜೋರಾಗಿ ತಟ್ಟಿದಳು.

ಆಮೇಲೆ ಅಂಗಳದಲ್ಲಿ ಅಕ್ಕ ಅಕಾರ್ಡಿಯನ್ನನ್ನು ಪೆಟ್ಟಿಗೆಗೆ ಇಡುತ್ತಿದ್ದಳು. ಆಗ ಹೊಳೆಯಿತು. ಅದರ ಶ್ರುತಿ ಏರುವುದಿಲ್ಲ, ಇಳಿಯುವುದಿಲ್ಲ. ನಾವೆಲ್ಲ ಮೇಲಿದ್ದಾಗ ಅದು ಎಲ್ಲಿತ್ತು?

"ಅಕ್ಕ, ನೀವು ಹೇಗೆ ನುಡಿಸಿದ್ರಿ?"

"ನಾನೆಲ್ಲಿ ನುಡಿಸಿದೆ. ಒಂದು ಮನೆನೂ ಒತ್ತಲಿಲ್ಲ."

ಇಡೀ ಕಾರ್ಯಕ್ರಮ ಅವಳು ತಿದಿಯನ್ನು ಎಳೆದು ತಳ್ಳಿ, ಎಳೆದು ತಳ್ಳಿ, ಬೆರಳುಗಳನ್ನು ಮನೆಗಳ ಮೇಲೆ ಸುಮ್ಮನೆ ಓಡಾಡಿಸಿದ್ದಳು. ಸ್ವರ ಬಾರದೆ ಗಾಳಿ ಮಾತ್ರ ಹೋಗುವ ಗುಂಡಿ ಒಂದನ್ನೇ ಒತ್ತಿಹಿಡಿದು. ಹೆಬ್ಬೆರಳು ಕೆಂಪಾಗಿತ್ತು.

"ಯಾಕೆ?"

"ನಾನೊಂದು ಸ್ವರ ಬಿಟ್ಟಿದ್ರೆ ಯಾರೋ ತಪ್ಪು ಅಂತ ಸಭೆಗೆಲ್ಲ ಗೊತ್ತಾಗ್ತಿತ್ತು. ಅಷ್ಟು ಜನರ ಎದುರು ನಾನೊಬ್ಬಳೇ ಸರಿ ಅಂತ ಕೂತ್ಕೊಂಡು ಏನು ಮಾಡಲಿ? ಬಹುಮತ ನಿಂದಿತ್ತು." ಪೆಟ್ಟಿಗೆಯ ಕೊಂಡಿ ಹಾಕಿದಳು. "ನಿಂತ್ಕೊಂಡು ನೋಡಬೇಡ, ಆ ಕಡೆ ಹಿಡಿ. ಭಾರ ಇದೆ."

ಹಿಡಿದೆ. ಭಾರವಿತ್ತು.

ಮಾರ್ಚ್ ೨೫, ಮಂಗಳವಾರ

ಸಮಿತಿಯ ಉತ್ತರ ಬಂತು. ಟೈರ್ ಕೋಣೆ ಸದ್ಯಕ್ಕೆ ನಮ್ಮದೇ. ವೇಳಾಪಟ್ಟಿಯವರು ಎಲ್ಲರಿಗೂ ಓದಿಹೇಳಿದರು. ವೃಂದದ ಒಗ್ಗಟ್ಟು ಶ್ಲಾಘನೀಯ. ಅದರಲ್ಲೂ ಅಕಾರ್ಡಿಯನ್ ಎಲ್ಲೂ ಮೇಲೆ ಬೀಳದೆ ಬಹಳ ಹದವಾಗಿತ್ತು.

ಅಕ್ಕ, "ಸಾಧನೆ ಬೇಕು ಅದಕ್ಕೆ" ಎಂದಳು.

ಮಾರ್ಚ್ ೨೮, ಶುಕ್ರವಾರ

ಇಂದು ತಾಲೀಮಿಗೆ ಮೊದಲು ನಾನು ಆತ್ಮವಿಮರ್ಶೆ ಮಂಡಿಸಿದೆ. ಬರೆದುಕೊಂಡು ಹೋಗಿದ್ದೆ, ಓದಲಿಲ್ಲ. ಶ್ರುತಿ ಏರಿತ್ತು, ಕಾರಣ ನಾನು, ನಾನು ಹೆದರಿದ್ದೆ ಎಂದೆ.

ದೊಡ್ಡಣ್ಣ ಕಹಳೆಯ ನೀರು ಬಸಿಯುತ್ತಾ, "ಗೊತ್ತಿತ್ತಲ್ಲ" ಎಂದ.

"ಯಾರಿಗೆ?"

"ಎಲ್ರಿಗೂ. ನೀನು ಕೊಟ್ಟೆ, ನಾವು ತಗೊಂಡ್ವಿ. ಕೊಟ್ಟಿದ್ದನ್ನ ಬೇಡ ಅನ್ನೋಕಾಗುತ್ತಾ?"

ಪಿಟೀಲಿನವರು, ಏರಿಸಿದಾಗ ತಂತಿ ತುಂಡಾಗುತ್ತೋ ಅಂತ ಮಾತ್ರ ಯೋಚನೆಯಾಗಿತ್ತು ಎಂದರು. ಇದನ್ನು ಎಲ್ಲಿ ಸೇರಿಸಬೇಕು ಎಂದು ನನಗೆ ತಿಳಿದಿಲ್ಲ. ಇಂಥದ್ದು ನಾನು ಯಾವುದರಲ್ಲೂ ಓದಿಲ್ಲ.

ಆಮೇಲೆ ವೇಳಾಪಟ್ಟಿಯವರು ಸೀಸದ ಕಡ್ಡಿಯಿಂದ ಮೇಜು ತಟ್ಟಿದರು. ಜೂನ್‌ನಲ್ಲಿ ಇನ್ನೊಂದು ಕಾರ್ಯಕ್ರಮ, ಈ ಸಲ ಬೇರೆ ಡಿಪೋಗಳೂ ಬರುತ್ತವೆ. ಸರದಿಯ ಪ್ರಕಾರ ಮೊದಲ ಕುರ್ಚಿ ಕೊಳಲಿನವರಿಗೆ ಹೋಗಬೇಕು. ಆದರೆ ತುಣುಕು ಬರೆದಿರುವುದು ಕ್ಲಾರಿನೆಟ್ಟಿಗೆ. "ಸರದಿ ಮಾಡಿ ನೋಡಿದ್ವಿ, ಯಾರ ತಪ್ಪೂ ಇಲ್ಲ. ಈ ಸಲ ದೊಡ್ಡದು. ಅನುಭವ ಇರೋರೇ ಕೂತ್ಕೊಳ್ಳಲಿ. ಏನಂತೀರಿ ಮಾವ?"

ಎಲ್ಲರೂ ಮಾವನ ಕಡೆ ತಿರುಗಿದರು. ಯಾರೂ ಕೆಟ್ಟದ್ದು ಬಯಸಿರಲಿಲ್ಲ. ಮಾವ, "ಆಯ್ತು, ನೀವೆಲ್ಲ ಹೇಳಿದ ಮೇಲೆ" ಎಂದರು. ಹೇಳುತ್ತಾ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡರು, ಬೆಂಚು ತಣ್ಣಗಿದೆಯೋ ಎಂದು ನೋಡುವವರಂತೆ. ಮಾರ್ಚ್ ಕೊನೆ, ಕೋಣೆ ಕಾದಿತ್ತು.

ನಾನು ಕ್ರಿಯಾಲೋಪ ಎತ್ತಿದೆ. ಫೆಬ್ರವರಿ ನಾಲ್ಕರ ನಿರ್ಣಯದಲ್ಲಿ ಸರದಿ ಎಂದಿದೆಯೇ ಹೊರತು ಒಂದು ಸರದಿ ಎಷ್ಟು ಕಾಲ ಎಂದಿಲ್ಲ. ಆದ್ದರಿಂದ ನನ್ನ ಸರದಿ ಮುಗಿದಿದೆ ಎಂದು ಯಾರೂ ಹೇಳುವಂತಿಲ್ಲ. ನಾನು ಏಳುವುದಿಲ್ಲ.

ದೊಡ್ಡಣ್ಣ ಶಿಳ್ಳೆ ಹಾಕಿದ. "ಕುರ್ಚಿ ರುಚಿ ಹತ್ತಿತು ನೋಡ್ರಪ್ಪ."

"ಹತ್ತಿದೆ" ಎಂದೆ.

"ಒಬ್ಬರ ಉಸಿರಿಗೆ ಎಲ್ರೂ ತಲೆಬಾಗಬಾರದು ಅಂದೋಳು ನೀನೇ ಅಲ್ವಾ?"

"ನಾನೇ."

ಎಲ್ಲರೂ ನಕ್ಕರು. ವೇಳಾಪಟ್ಟಿಯವರೂ ನಕ್ಕರು. ನಾನು ಉತ್ತರ ಕೊಡಬಹುದಿತ್ತು. ಕೊಡಬೇಕಾದರೆ ಮಾವನ ಅನ್ನದ ವಿಷಯ, ಕೈಗಳ ವಿಷಯ ಎತ್ತಬೇಕಾಗುತ್ತಿತ್ತು. ಎತ್ತಲಿಲ್ಲ. ಅಧಿಕಾರದಾಹಿ ಎಂದು ನನ್ನ ಬಗ್ಗೆ ಅಭಿಪ್ರಾಯ ಮೂಡಿರುತ್ತದೆ. ಅಕ್ಕ ಮಾತ್ರ ನಗದೆ, ಪೆಟ್ಟಿಗೆಯಿಂದ ಅಕಾರ್ಡಿಯನ್ ತೆಗೆದು ಹೆಗಲಿಗೇರಿಸಿಕೊಂಡು, "ಕೂರಲಿ ಬಿಡಿ, ಹೊತ್ತಾಯ್ತು, ನನಗೆ ಕ್ಯಾಂಟೀನ್ ಮುಚ್ಚಬೇಕು" ಎಂದಳು. ವಿಷಯ ಅಲ್ಲಿಗೆ ಮುಗಿಯಿತು.

ಜೂನ್‌ಗೆ ಇನ್ನೆಷ್ಟು ದಿನ ಎಂದು ಈಗಾಗಲೇ ಎರಡು ಸಲ ಎಣಿಸಿದ್ದೇನೆ. ತಾಲೀಮು ಶುರುವಾಯಿತು. ಮಾವ ಎರಡನೆಯ ಕ್ಲಾರಿನೆಟ್ ನುಡಿಸಿದರು. ಅವರು ಇಷ್ಟು ಜೋರಾಗಿ ನುಡಿಸಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಕಾಲು ಕುಟ್ಟುತ್ತಿದ್ದರು, ಎರಡು ಕಡೆ ತಪ್ಪಿದರು, ತಪ್ಪಿದ್ದಕ್ಕೆ ನಿಲ್ಲಲೂ ಇಲ್ಲ. ನನ್ನ ಭಾಗ ಅವರ ಗದ್ದಲದಲ್ಲಿ ಮುಚ್ಚಿಹೋಯಿತು. ಮೆಲ್ಲಗೆ ನುಡಿಸಿ ಎಂದು ಹೇಳಬೇಕಿತ್ತು. ಮುಂದಿನ ವಾರ ಹೇಳಿದರಾಯಿತು.